ಕೂತಲ್ಲಿ ಕೂರದ ಮಗುವಿಗೆ ಆನ್‌ಲೈನ್ ಪಾಠ

ಐದಾರು ವರ್ಷದ ಕೆಲವು ಮಕ್ಕಳಿಗೆ ಕಾಲು ಆಡುತ್ತಿದ್ದರೇ ಪಾಠ ಕಿವಿಗೆ ಬೀಳುವುದು. ನಲವತ್ತು ಮಕ್ಕಳ ಕೋಣೆಯಲ್ಲಿ ಟೀಚರ್ ಅಂಥವರನ್ನು ಕೂರಿಸಲೇಬೇಕು, ತಪ್ಪು ಅವರದಲ್ಲ. ಆದರೆ ಮಗುವಿನ ಗಮನವೆಲ್ಲ ಅಲುಗಾಡದೆ ಇರುವುದಕ್ಕೇ ಹೋಗಿಬಿಡುತ್ತದೆ. ಮನೆಯಲ್ಲಿ ಆನ್‌ಲೈನ್ ತರಗತಿಯಾದರೆ ಆ ಕಟ್ಟು ಸಡಿಲಿಸಬಹುದು. ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಅದಕ್ಕೆ ಜಾಗವೂ ಉಂಟು: ಉದ್ದದ ಜಗಲಿ, ಅಂಗಳ, ಕೊಯ್ಲು ಒಣಗಿಸಿ ಮುಗಿದ ಮೇಲೆ ಖಾಲಿ ಬೀಳುವ ಕಾಫಿ ಕಣ.

ಕೆಡುವುದು ಮೊದಲ ದಿನವೇ. ಹೊಸ ಕುರ್ಚಿ, ಮೇಜು, ಹೆಡ್‌ಫೋನ್ ತಂದು ಮನೆಯೊಳಗೆ ಇನ್ನೊಂದು ಬೆಂಚು ಮಾಡಿಬಿಡುತ್ತಾರೆ. ಬೇಡ. ಆರು ವರ್ಷದ ಮಗು ನಿಂತಾಗ ಅದರ ಕಣ್ಣು ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಲ್ಯಾಪ್‌ಟಾಪನ್ನು ಆ ಎತ್ತರದ ಕಪಾಟಿನ ಮೇಲಿಡಿ. ಟಿವಿ ಇದ್ದರೆ ಎಚ್‌ಡಿಎಂಐ ಕೇಬಲ್‌ನಲ್ಲಿ ಅದಕ್ಕೇ ಜೋಡಿಸಿ, ಮಗು ಆರು ಅಡಿ ದೂರದಿಂದ ನೋಡಲಿ. ಫೋನನ್ನು ಮಾತ್ರ ಕೈಗೆ ಕೊಡಬೇಡಿ. ಕೈಯಲ್ಲಿ ಫೋನಿದ್ದರೆ ಮಗು ಕತ್ತು ಬಗ್ಗಿಸಿ ಮೂಲೆ ಸೇರುತ್ತದೆ. ಹೆಡ್‌ಫೋನ್ ಬದಲು ಸ್ಪೀಕರ್ ಇಡಿ. ಸ್ಪೀಕರ್‌ನ ದನಿ ಮೈಕಿಗೆ ಹೋಗಿ ಮಾರ್ದನಿ ಏಳುತ್ತದೆ, ಹಾಗಾಗಿ ಮಗುವಿನ ಸರದಿ ಬರುವವರೆಗೆ ಮ್ಯೂಟ್.

ಇನ್ನು ಲೆಕ್ಕ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡಿಗೊಂದು ಗೆರೆ ಎಳೆದು 0ಯಿಂದ 20ರವರೆಗೆ ಬರೆಯಿರಿ. ಇಪ್ಪತ್ತು ಅಡಿ ಜಗಲಿ ಇಲ್ಲವೆಂದರೆ 10ರವರೆಗೆ ಸಾಕು. ಟೀಚರ್ 7ಕ್ಕೆ 5 ಕೂಡಿಸಿ ಎಂದಾಗ ಮಗು 7ರ ಮೇಲೆ ನಿಂತು ಐದು ಸಲ ಹಾರಬೇಕು. ಬಹಳ ಮಕ್ಕಳು 11ಕ್ಕೆ ನಿಲ್ಲುತ್ತಾರೆ. ನಿಂತಿರುವ ಗೆರೆಯನ್ನೇ ಒಂದು ಎಂದು ಎಣಿಸುವುದರಿಂದ ಹೀಗಾಗುತ್ತದೆ. ಹಾರಿ ಕಾಲು ಊರಿದ ಮೇಲೆಯೇ ‘ಒಂದು’ ಎನ್ನಲು ಹೇಳಿಕೊಡಿ, ನಾಲ್ಕೈದು ದಿನ ಬಿಡದೆ. ಕೂರಿಸಿ ಬೆರಳು ಎಣಿಸಿದಾಗಲೂ ಇದೇ ತಪ್ಪು ಆಗುತ್ತದೆ, ಆಗ ನಮಗೆ ಕಾಣುವುದಿಲ್ಲ ಅಷ್ಟೆ. ನನ್ನ ಮಟ್ಟಿಗೆ ಇಡೀ ಪದ್ಧತಿಯ ದೊಡ್ಡ ಲಾಭ ಇದೇ.

ಕಾಗುಣಿತಕ್ಕೂ ಕಾಲು ಬಳಸಿ. ‘ಕ’ಗೆ ಪುಟ್ಟ ಕುಪ್ಪಳ, ‘ಕಾ’ಗೆ ಉದ್ದ ಜಿಗಿತ. ಬಲ–ಬಾಲ, ಹಸು–ಹಾಸು, ಕರ–ಕಾರ ಎಂದು ಜೋಡಿ ಪದ ಕೂಗಿದರೆ ಹ್ರಸ್ವ–ದೀರ್ಘದ ವ್ಯತ್ಯಾಸ ಮೈಗೇ ಹತ್ತುತ್ತದೆ. ಒತ್ತಕ್ಷರ ಹೀಗೆ ಬರುವುದಿಲ್ಲ, ಅದನ್ನು ಬರೆದೇ ಕಲಿಯಬೇಕು. ಬರವಣಿಗೆಗೆ ಮಗು ಕೂರಲೇಬೇಕು, ಐದರಿಂದ ಏಳು ನಿಮಿಷ. ಓಡಿದ ಕೂಡಲೇ ಪೆನ್ಸಿಲ್ ಕೊಟ್ಟರೆ ಕೈ ನಡುಗಿ ಅಕ್ಷರ ಸೊಟ್ಟಗಾಗುತ್ತದೆ. ಮೊದಲು ನೀರು ಕುಡಿಸಿ, ಎರಡೂ ಅಂಗೈಯಿಂದ ಗೋಡೆಯನ್ನು ಹತ್ತು ಸಲ ಜೋರಾಗಿ ತಳ್ಳಿಸಿ, ಆಮೇಲೆ ಸ್ಲೇಟು.

ಪಾಠ ಎಷ್ಟು ಹೊತ್ತು? ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯಲ್ಲಿ ಪೂರ್ವ ಪ್ರಾಥಮಿಕಕ್ಕೆ ದಿನಕ್ಕೆ 30 ನಿಮಿಷ ಮೀರಬಾರದು ಎಂದಿದೆ. 1ರಿಂದ 8ನೇ ತರಗತಿಗೆ 30–45 ನಿಮಿಷದ ಎರಡು ಅವಧಿ. ಚುರುಕಿನ ಮಗುವಿಗೆ ಆ ಒಂದು ಅವಧಿಯೂ ಉದ್ದವೇ. ಹದಿನೈದು ನಿಮಿಷಕ್ಕೊಮ್ಮೆ ಅಂಗಳಕ್ಕೆ ಒಂದು ಸುತ್ತು ಹೋಗಿಬರಲು ಬಿಡಿ. ಮಗು ಯಾಕೆ ಪರದೆಯಿಂದ ಮಾಯವಾಗುತ್ತದೆ ಎಂಬುದನ್ನು ಟೀಚರ್‌ಗೆ ಮೊದಲೇ ತಿಳಿಸಿ. ರೆಕಾರ್ಡ್ ಮಾಡಿದ ವಿಡಿಯೋ ಮಾತ್ರ ತೋರಿಸುವ ತರಗತಿಯನ್ನು ಈ ಮಕ್ಕಳಿಗೆ ಆರಿಸಬೇಡಿ. ಪ್ರಶ್ನೆ ಕೇಳುವವರು ಎದುರಿಗಿಲ್ಲದಿದ್ದರೆ ಓಟ ಬರೀ ಓಟವಾಗುತ್ತದೆ, ಪಾಠ ತನ್ನ ಪಾಡಿಗೆ ಓಡುತ್ತಿರುತ್ತದೆ.

ಜಗಳವಾಡಿ ರಾಜಿಯಾಗುವುದನ್ನು ಯಾವ ಪರದೆಯೂ ಕಲಿಸದು. ಸಂಜೆ ಒಂದು ಗಂಟೆ ಅಕ್ಕಪಕ್ಕದ, ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳ ಜೊತೆ ಲಗೋರಿ, ಕುಂಟೆಬಿಲ್ಲೆ ಬೇಕೇ ಬೇಕು. ಮನೆಯಲ್ಲೂ ಹೊರಗೂ ಆರು ತಿಂಗಳಿಗಿಂತ ಹೆಚ್ಚು ಕಾಲ ಇಷ್ಟದ ಆಟದಲ್ಲೂ ಮನಸ್ಸು ನಿಲ್ಲದೆ, ದಿನದ ಕೆಲಸಗಳೇ ಕೆಡುತ್ತಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ನೀವೇ ಕಾಯಿಲೆಯ ಹೆಸರು ಹಚ್ಚಬೇಡಿ.

ಮೂಡಿಗೆರೆ, ಕಳಸದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಆಟ ಒಳಗೇ. ಗಾರೆ ನೆಲಕ್ಕೆ ಮಳೆಯ ಥಂಡಿ ಹತ್ತಿದರೆ ಕಾಲು ಜಾರುತ್ತದೆ, ಗೋಣಿಚೀಲ ಹಾಸಿದರೆ ಚೀಲವೇ ಜಾರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸಾಕ್ಸ್ ಬಿಚ್ಚಿಸಿ, ಬರಿಗಾಲಲ್ಲಿ ಹಾರಿಸಿ. ಕರೆಂಟ್ ಹೋದರೂ ರೂಟರ್ ನಡೆಯಲು ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುನ್ನ ರೂಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಕಡಿಮೆ ಇರಬಾರದು. ನೆಟ್‌ವರ್ಕೇ ಸತ್ತ ದಿನಕ್ಕೆಂದು ಒಂದೆರಡು ಪಾಠಗಳನ್ನು ಸರ್ಕಾರದ ಶಾಲಾ ಪಾಠಗಳ ದೀಕ್ಷಾ ಆ್ಯಪ್‌ನಲ್ಲಿ ಹಿಂದಿನ ರಾತ್ರಿಯೇ ಇಳಿಸಿಡಿ.