ಒಂದೇ ಕಡತ, ಎರಡು ಲ್ಯಾಬ್

2011ರಲ್ಲಿ ನಾನು ಒಂದು ಎಂಜಿನಿಯರಿಂಗ್ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಲ್ಯಾಬುಗಳಿಂದ ಇಂಟರ್ನೆಟ್‌ಗೆ ಇದ್ದ ದಾರಿ ಒಂದೇ, 3128ನೇ ಪೋರ್ಟಿನ ಸ್ಕ್ವಿಡ್ ಪ್ರಾಕ್ಸಿ, ಅಂದರೆ ಎಲ್ಲರ ಪರವಾಗಿ ತಾನೇ ಪುಟಗಳನ್ನು ತಂದುಕೊಡುವ ನಡುವಿನ ಸರ್ವರ್. ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಒಂದೊಂದೇ ಗಣಕದ ಮುಂದೆ ಕುಳಿತು ಬ್ರೌಸರಿಗೆ ಅದರ ವಿಳಾಸ ತುಂಬಿ ಬೇಸತ್ತಿದ್ದ ನಾನು, ಬ್ರೌಸರುಗಳೇ ಅದನ್ನು ಹುಡುಕಿಕೊಳ್ಳುವಂತೆ ಮಾಡಲು ಹೊರಟೆ. ಇದಕ್ಕೆ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಕಂಪನಿ 1996ರಲ್ಲೇ ಉಪಾಯ ಮಾಡಿತ್ತು: ಜಾವಾಸ್ಕ್ರಿಪ್ಟಿನ ಪುಟ್ಟ ಕಡತವೊಂದು, ಯಾವ ತಾಣಕ್ಕೆ ಪ್ರಾಕ್ಸಿ ಮೂಲಕ, ಯಾವುದಕ್ಕೆ ನೇರವಾಗಿ ಹೋಗಬೇಕೆಂದು ಬ್ರೌಸರಿಗೆ ಹೇಳುತ್ತದೆ. ಆ ಕಡತವಿರುವ ಜಾಗವನ್ನು ಗಣಕಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯ 252ನೇ ಆಯ್ಕೆಯಲ್ಲಿ ಬರೆದು, ಹೆಸರುಗಳಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ, ಬ್ರೌಸರುಗಳು ಈ ಕಡತಕ್ಕಾಗಿ ಹುಡುಕುವ ‘ಡಬ್ಲ್ಯುಪಿಎಡಿ’ ಎಂಬ ಹೆಸರನ್ನೂ ಸೇರಿಸಿ, ನನ್ನ ಕೋಣೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಪರೀಕ್ಷಿಸಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಲ್ಯಾಬ್ ಸಹಾಯಕರ ಫೋನ್ ಬಂತು: “ಸರ್, ವಿಂಡೋಸ್ ಲ್ಯಾಬಿನಲ್ಲಿ ಎಲ್ಲ ಸರಿಯಿದೆ, ಉಬುಂಟು ಲ್ಯಾಬಿನಲ್ಲಿ ಒಂದು ಪುಟವೂ ತೆರೆಯುತ್ತಿಲ್ಲ.” ಉಬುಂಟು ಎಂದರೆ ಲಿನಕ್ಸ್‌ನ ಒಂದು ರೂಪ, ಆ ಲ್ಯಾಬಿನ ಬ್ರೌಸರ್ ಫೈರ್‌ಫಾಕ್ಸ್. ನಾನು ಉಬುಂಟುವನ್ನೇ ಬೈದುಕೊಂಡೆ, ಆದರೆ ವಿಂಡೋಸ್ ಗಣಕದಲ್ಲೂ ಫೈರ್‌ಫಾಕ್ಸ್ ತೆರೆದರೆ ಅದೇ ಗತಿ. ಎಕ್ಸ್‌ಪ್ಲೋರರ್ ಡಿಎಚ್‌ಸಿಪಿಯನ್ನು ಕೇಳುತ್ತಿತ್ತು, ಆಗಿನ ಫೈರ್‌ಫಾಕ್ಸ್ ಡಿಎನ್‌ಎಸ್ ಒಂದನ್ನೇ ನಂಬಿತ್ತು. ನಮ್ಮ ಡಿಎನ್‌ಎಸ್ ಸರ್ವರೋ, ನಾನು ಸೇರಿಸಿದ ಹೆಸರು ಕಣ್ಣೆದುರಿಗೇ ಇದ್ದರೂ ಅಂಥ ಹೆಸರೇ ಇಲ್ಲವೆಂದು ಉತ್ತರಿಸುತ್ತಿತ್ತು. ಒಂದು ಗಂಟೆ ತಡಕಾಡಿದ ಮೇಲೆ ತಿಳಿದದ್ದು, ವಿಂಡೋಸ್ ಸರ್ವರ್ 2008ರ ಡಿಎನ್‌ಎಸ್‌ನಲ್ಲಿ ತಡೆಪಟ್ಟಿಯೊಂದಿದೆ, ಅದರಲ್ಲಿ ಈ ಹೆಸರು ಮೊದಲೇ ಇರುತ್ತದೆ ಎಂದು. ಯಾವುದೋ ಗಣಕ ಆ ಹೆಸರನ್ನು ತಾನೇ ನೋಂದಾಯಿಸಿಕೊಂಡರೆ ಎಲ್ಲರ ಬ್ರೌಸಿಂಗೂ ಅದರ ಮೂಲಕವೇ ಹಾಯುತ್ತದೆಯಾದ್ದರಿಂದ ಆ ಎಚ್ಚರಿಕೆ ನ್ಯಾಯವಾದದ್ದೇ. ಪಟ್ಟಿಯಿಂದ ಆ ಒಂದು ಹೆಸರನ್ನು ತೆಗೆದು, ಡಿಎನ್‌ಎಸ್ ಸೇವೆಯನ್ನು ಮತ್ತೆ ಶುರುಮಾಡಿದೆ.

ವಿಂಡೋಸಿನ ಫೈರ್‌ಫಾಕ್ಸ್ ಸರಿಹೋಯಿತು. ಉಬುಂಟು ಮಾತ್ರ ಸುಮ್ಮನೆ ಸುತ್ತುತ್ತಲೇ ಇತ್ತು. ಕಡತವಿಟ್ಟಿದ್ದ ವೆಬ್ ಸರ್ವರಿನ ಲಾಗ್‌ನಲ್ಲಿ ಉಬುಂಟು ಗಣಕಗಳು ಅದನ್ನು ಒಯ್ದ ಗುರುತಿತ್ತು, ಸ್ಕ್ವಿಡ್‌ನ ಲಾಗ್‌ನಲ್ಲಿ ಆ ಲ್ಯಾಬಿನ ಸುಳಿವೇ ಇರಲಿಲ್ಲ. ಅಂದರೆ ತಪ್ಪು ನನ್ನ ಕಡತದೊಳಗೇ ಇತ್ತು. ಹಾಸ್ಟೆಲಿಗೆ ಬೇರೆ ಲೈನ್ ಇದ್ದುದರಿಂದ, ಗಣಕದ ಸ್ವಂತ ಐಪಿ ವಿಳಾಸ ಲ್ಯಾಬುಗಳ ವ್ಯಾಪ್ತಿಯಲ್ಲಿದ್ದರೆ ಪ್ರಾಕ್ಸಿ, ಇಲ್ಲವಾದರೆ ನೇರ ಎಂದು ಜಾಣತನದಿಂದ ಬರೆದಿದ್ದೆ. ಉಬುಂಟು ತನ್ನ ಹೋಸ್ಟ್ಸ್ ಕಡತದಲ್ಲಿ (ಹೆಸರು-ವಿಳಾಸಗಳ ಸ್ವಂತ ಪಟ್ಟಿ) ಗಣಕದ ಹೆಸರಿನ ಎದುರು 127.0.1.1 ಎಂದು, ಅಂದರೆ ಗಣಕ ತನ್ನನ್ನೇ ಸೂಚಿಸುವ ಒಳ ವಿಳಾಸವನ್ನು, ಬರೆದುಕೊಂಡಿರುತ್ತದೆ. ಬ್ರೌಸರ್ ಅದನ್ನೇ ತನ್ನ ವಿಳಾಸವೆಂದು ಹೇಳಿ, ನೇರ ಹೊರಟು, ಅಂಥ ದಾರಿಯನ್ನು ತಡೆಯುವ ಫೈರ್‌ವಾಲ್‌ಗೆ ಬಡಿದು ನಿಲ್ಲುತ್ತಿತ್ತು. ಇಷ್ಟಾದರೂ ಪರದೆಯ ಮೇಲೆ ಒಂದು ದೋಷಸೂಚನೆಯಾದರೂ ಬೇಡವೇ!

ಆ ನಿಯಮವನ್ನು ಅಳಿಸಿ, ಕಾಲೇಜಿನ ಒಳತಾಣಗಳಿಗೆ ನೇರ, ಉಳಿದೆಲ್ಲಕ್ಕೂ ಪ್ರಾಕ್ಸಿ ಎಂದಷ್ಟೇ ಉಳಿಸಿ, ಹಾಸ್ಟೆಲಿಗೆ ಈ ಕಡತ ತಲುಪದಂತೆ ಅಲ್ಲಿನ ಡಿಎನ್‌ಎಸ್ ಅನ್ನು ಬೇರೆ ಮಾಡಿದೆ. ಹಳೆಯ ಕಡತವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಬ್ರೌಸರುಗಳನ್ನು ಮುಚ್ಚಿ ತೆರೆಯುವಷ್ಟರಲ್ಲಿ ಮಧ್ಯಾಹ್ನದ ಬ್ಯಾಚ್ ಬಂದಿತ್ತು. ಸಂಜೆ ಅದೇ ಲ್ಯಾಬಿಗೆ ಅಪ್‌ಡೇಟ್ ಹಾಕಲು ಹೋದಾಗ, ಉಬುಂಟುವಿನ ಪ್ಯಾಕೇಜ್ ತರುವ ಆಪ್ಟ್‌ಗೆ ಈ ಕಡತ ಓದಲು ಬರುವುದಿಲ್ಲವೆಂಬುದು ಗೊತ್ತಾಯಿತು. ಮತ್ತೆ ಮೂವತ್ತು ಗಣಕಗಳ ಮುಂದೆ ಕುಳಿತು, ಅದೇ ವಿಳಾಸವನ್ನು ಕೈಯಾರೆ ಬರೆದೆ.