ಹಾಸ್ಯಕ್ಕೆ ಮಿತಿ ಬೇಕೇ ಎಂದು ಕೇಳುವವರಿಗೆ

ಒಂದೇ ಮಾತನ್ನು ಎಷ್ಟು ಸಲ ಹೇಳುವುದು? ಬರೆದಿಟ್ಟುಬಿಡುತ್ತೇನೆ, ಇನ್ನು ಕೇಳುವವರು ಓದಿಕೊಳ್ಳಲಿ.

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಗೆಳೆಯರು ಸೇರಿ ಒಂದು ಅಮೆರಿಕನ್ ಸಾಕ್ಷ್ಯಚಿತ್ರ ತೋರಿಸಿದರು. ಸ್ಟ್ಯಾಂಡ್‌ಅಪ್ ಹಾಸ್ಯ, ಅದರಿಂದ ಮನನೊಂದವರ ಗಲಾಟೆ, ಕಲಾವಿದರ ಸ್ವಾತಂತ್ರ್ಯ, ಇಷ್ಟು ಅದರ ವಸ್ತು. ಹೆಸರು ಹೇಳಿ ಅದಕ್ಕೆ ಇನ್ನಿಬ್ಬರು ನೋಡುಗರನ್ನು ಒದಗಿಸುವ ಇರಾದೆ ನನಗಿಲ್ಲ. ಮುಗಿದ ಮೇಲೆ ಅಭಿಪ್ರಾಯ ಕೇಳಿದರು. ಸಪ್ಪೆ ಎಂದೆ. ಅಂದಿನಿಂದ ಮದುವೆಯ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೂ ಪಕ್ಕದ ಎಲೆಯಿಂದ ಪ್ರಶ್ನೆ: "ಮಾಷ್ಟ್ರೇ, ಹಾಗಾದರೆ ಹಾಸ್ಯಕ್ಕೆ ಮಿತಿ ಬೇಕು ಎನ್ನುತ್ತೀರಾ? ತಾಳಮದ್ದಳೆಯಲ್ಲಿ ಹಾಸ್ಯದ ಅರ್ಥ ಹೇಳುವ ನೀವೇ?" (ತಾಳಮದ್ದಳೆ ಎಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅದರಲ್ಲಿ ಪಾತ್ರವಾಗಿ ಮಾತಾಡುವುದೇ ಅರ್ಥ ಹೇಳುವುದು.)

ಸಿನಿಮಾ ಚೆನ್ನಾಗಿಲ್ಲ ಎಂದರೆ ನಗುವುದನ್ನೇ ನಿಷೇಧಿಸಲು ಹೊರಟೆ ಎಂದು ಅರ್ಥವೇ? ಈ ತರ್ಕದಲ್ಲಿ ಪಾಯಸಕ್ಕೆ ಬೆಲ್ಲ ಕಡಿಮೆ ಎಂದವನು ಮದುವೆಗೇ ವಿರೋಧಿ.

ಆ ಸಾಕ್ಷ್ಯಚಿತ್ರದಲ್ಲಿ ಅಮೆರಿಕದ ಹಳೆಯ ಸ್ಟ್ಯಾಂಡ್‌ಅಪ್ ಹಾಸ್ಯಗಾರ ಲೆನ್ನಿ ಬ್ರೂಸ್ ಕತೆ ಬರುತ್ತದೆ. 1961ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಶ್ಲೀಲ ಮಾತಿಗೆಂದು ಪೊಲೀಸರು ಅವರನ್ನು ಬಂಧಿಸಿದರು. 1964ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ನಾಲ್ಕು ತಿಂಗಳ ಶಿಕ್ಷೆ ವಿಧಿಸಿತು. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ, 1966ರಲ್ಲಿ, ತೀರಿಕೊಂಡರು. ಗವರ್ನರ್ ಕ್ಷಮಾದಾನ ಕೊಟ್ಟದ್ದು 2003ರಲ್ಲಿ, ಯಾರಿಗೆ ತಲುಪಿಸಿದರೋ! ಇಷ್ಟು ಹೇಳಿದ ಮರುಗಳಿಗೆಯಲ್ಲೇ ಇಂದಿನ ಹಾಸ್ಯಗಾರನೊಬ್ಬ ಮೆತ್ತನೆಯ ಕುರ್ಚಿಯಲ್ಲಿ ಕುಳಿತು, ತನ್ನ ಕಾರ್ಯಕ್ರಮಕ್ಕೆ ಯಾರೋ ಮೊಬೈಲಿನಲ್ಲಿ ಬೈದು ಬರೆದರು ಎಂದು ಗೋಳಾಡುತ್ತಾನೆ. ಹಿನ್ನೆಲೆಯಲ್ಲಿ ಅದೇ ಪಿಟೀಲು. ಲಾಠಿಯೂ ಬೈಗುಳವೂ ಒಂದೇ ತಕ್ಕಡಿಗೆ! ನನಗೆ ರೇಗಿದ್ದು ಇಲ್ಲಿ.

ನಮ್ಮಲ್ಲಿ 2021ರ ಹೊಸವರ್ಷದ ದಿನ ಇಂದೋರಿನಲ್ಲಿ ಸ್ಟ್ಯಾಂಡ್‌ಅಪ್ ಹಾಸ್ಯಗಾರ ಮುನವ್ವರ್ ಫಾರೂಕಿಯ ಬಂಧನವಾಯಿತು. ಸುಪ್ರೀಂ ಕೋರ್ಟು ಮಧ್ಯಂತರ ಜಾಮೀನು ಕೊಡುವವರೆಗೆ ಒಂದು ತಿಂಗಳಿಗೂ ಮಿಕ್ಕಿ ಜೈಲು. ಅದನ್ನು ತಪ್ಪು ಎನ್ನಲು ನನಗೆ ಯಾವ ಸಾಕ್ಷ್ಯಚಿತ್ರವೂ ಬೇಕಿಲ್ಲ. ಮಿತಿಯನ್ನು ಪೊಲೀಸರು ಗೀಚಬಾರದು. ಉತ್ತರ ಸಿಕ್ಕಿತಲ್ಲ? ಪಾಯಸ ತಿನ್ನಿ.

ಆದರೆ ಯಾರೂ ಕೇಳದ ಒಂದು ವಿಷಯವಿದೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಘಟ್ಟದ ಮೇಲಿನಿಂದ ಹಾಸ್ಯಗಾರನೊಬ್ಬ ಬಂದಿದ್ದ. "ಕಾಸರಗೋಡಿನ ಕನ್ನಡಿಗನಿಗೆ ಇಬ್ಬರು ಮುಖ್ಯಮಂತ್ರಿಗಳು, ಇಬ್ಬರಿಗೂ ಇವನ ವಿಳಾಸ ಗೊತ್ತಿಲ್ಲ" ಎಂದ. ಊರು ಕೇರಳಕ್ಕೆ ಸೇರಿದ 1956ರಿಂದ ಈ ಸಂಕಟ ಹೊತ್ತವರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿಯನ್ನು ಕಂಠಪಾಠ ಮಾಡಿದ ಹಿರಿಯರು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ನೋಯುವ ಜಾಗಕ್ಕೇ ಬೆರಳಿಟ್ಟಿದ್ದ, ಭೇಷ್.

ಆಮೇಲೆ ಅವನ ಕಣ್ಣು ಮುಂದಿನ ಸಾಲಿಗೆ ಚಹಾ ಹಂಚುತ್ತಿದ್ದ ಅಡುಗೆಯ ತಂಡದವರೊಬ್ಬರ ಮೇಲೆ ಬಿತ್ತು. ಅವರ ಮೈಬಣ್ಣದ ಮೇಲೆ ಒಂದು ಮಾತು ಎಸೆದ. ಕರೆಂಟು ಹೋಗುವ ವಿಚಾರ ಅದರಲ್ಲಿತ್ತು ಎಂದರೆ ಉಳಿದದ್ದು ನಿಮಗೇ ಹೊಳೆಯುತ್ತದೆ. ಸಭೆ ನಕ್ಕಿತು. ಆ ಮನುಷ್ಯ ಹರಿವಾಣವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಕಾಗದದ ಲೋಟಗಳು ಮಗುಚದಂತೆ ನೋಡಿಕೊಳ್ಳುತ್ತಾ, ತಾವೂ ನಕ್ಕರು. ನಕ್ಕು, ಮುಂದಿನವರಿಗೆ ಚಹಾ ಕೊಟ್ಟರು.

ತಾಳಮದ್ದಳೆಯಲ್ಲಿ ನನ್ನ ನಾಲಗೆ ಜಾರಿದರೆ ಎದುರಿನ ಅರ್ಥಧಾರಿ ಮುಂದಿನ ಮಾತಿನಲ್ಲೇ ಬೆವರಿಳಿಸುತ್ತಾರೆ. ಅವರ ಮುಂದೆಯೂ ಮೈಕು ಇರುತ್ತದೆ. ನೀಲೇಶ್ವರ, ಕಾಞಂಗಾಡಿನ ಕಡೆ ಪೊಟ್ಟನ್ ತೆಯ್ಯಂ ಎಂಬ ದೈವ ಕೆಂಡದ ರಾಶಿಯ ಮೇಲೆ ಒರಗಿಕೊಂಡು, ಚಳಿಯಾಗುತ್ತಿದೆ ಎಂದು ಗೇಲಿ ಮಾಡುತ್ತದೆ. ಕೀಳುಜಾತಿಯವನೆಂದು ದಾರಿ ಬಿಡು ಎಂದ ಶಂಕರಾಚಾರ್ಯರನ್ನು, ನಿನ್ನನ್ನು ಕಡಿದರೂ ನನ್ನನ್ನು ಕಡಿದರೂ ಬರುವುದು ಒಂದೇ ನೆತ್ತರಲ್ಲವೇ ಎಂದು ಕೇಳಿದ ಕತೆ ಅದರದ್ದು. ದೊಡ್ಡ ಮನೆಯ ಯಜಮಾನರು ಕೈಮುಗಿದು ನಿಂತು ಆ ಕುಚೋದ್ಯ ಕೇಳಿಸಿಕೊಳ್ಳುತ್ತಾರೆ. ಮರುದಿನ ಅವರು ಬದಲಾಗಿರುತ್ತಾರೆ ಎಂದು ನಾನೇನೂ ನಂಬಿಲ್ಲ. ಆದರೂ ಒಂದು ರಾತ್ರಿಯ ಮಟ್ಟಿಗೆ ಮಾತು ಯಾರದ್ದು, ಕೇಳಿಸಿಕೊಳ್ಳುವ ಸರದಿ ಯಾರದ್ದು ಎಂಬುದು ಅಲ್ಲಿ ತಿರುವುಮುರುವಾಗುತ್ತದೆ. ಚಹಾದವರ ಕೈಯಲ್ಲಿ ಇದ್ದದ್ದು ಹರಿವಾಣ ಮಾತ್ರ.

ಅವರು ಯಾಕೆ ನಕ್ಕರು? ಇದನ್ನು ಕೇಳಿ ನನ್ನನ್ನು. ಅಂದಿನ ಕೂಲಿ ಇನ್ನೂ ಕೈಗೆ ಬಂದಿರಲಿಲ್ಲವೇನೋ. ನಗದಿದ್ದರೆ ಇನ್ನೊಂದು ಮಾತು ಬೀಳುತ್ತದೆ ಎಂದು ಗೊತ್ತಿತ್ತೇನೋ. ನಿಜವಾಗಿಯೇ ನಗು ಬಂದಿರಲೂಬಹುದು, ಇಲ್ಲ ಎನ್ನಲು ನಾನು ಯಾರು? ಸಾಕ್ಷ್ಯಚಿತ್ರದವರು ಅಷ್ಟೊಂದು ಹಾಸ್ಯಗಾರರನ್ನು ಕುರ್ಚಿ ಹಾಕಿ ಕೂರಿಸಿ ಮಾತಾಡಿಸಿದರು. ಹಾಸ್ಯಕ್ಕೆ ಗುರಿಯಾಗಿ, ಸಭೆಯ ಜೊತೆ ತಾನೂ ನಕ್ಕು ಮನೆಗೆ ಹೋದ ಒಬ್ಬರಿಗೆ ಐದು ನಿಮಿಷ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?