ಎದೆಮಟ್ಟದ ಸುತ್ತಳತೆಯೊಂದೇ ಸಾಲದು

ಕನಕಪುರ, ದೇವನಹಳ್ಳಿ ಕಡೆ ಬದುವಿನ ಸಿಲ್ವರ್ ಓಕ್ ಮಾರುವವರ ಮೊದಲ ಪ್ರಶ್ನೆ, 'ಇದರಲ್ಲಿ ಎಷ್ಟು ಸಿಎಫ್‌ಟಿ (ಘನ ಅಡಿ) ಬರುತ್ತೆ?' ಸುತ್ತಳತೆ, ಎತ್ತರ ಎರಡನ್ನೇ ಹಿಡಿದು ಹೇಳಿದ ಉತ್ತರವನ್ನು ನಂಬಬೇಡಿ. ಬುಡದಿಂದ ತುದಿಗೆ ಕಾಂಡ ಹೇಗೆ ಸಣ್ಣಗಾಗುತ್ತದೆ ಅನ್ನುವುದರ ಮೇಲೆ ಲೆಕ್ಕ ನಿಂತಿದೆ.

ನಮ್ಮಲ್ಲಿ ಎದೆಮಟ್ಟ ಅಂದರೆ ನೆಲದಿಂದ 1.37 ಮೀಟರ್, ಇಳಿಜಾರಿನಲ್ಲಿ ಮೇಲ್ಬದಿಯಿಂದ ಲೆಕ್ಕ. ಅದಕ್ಕಿಂತ ಕೆಳಗೇ ಕವಲೊಡೆದಿದ್ದರೆ ಎರಡು ಮರ ಅಂತ ಬರೆದುಕೊಳ್ಳಿ. ಅಲ್ಲೇ ಗಂಟಿದ್ದರೆ ಮೇಲೂ ಕೆಳಗೂ ಸಮದೂರದಲ್ಲಿ ಅಳೆದು ಸರಾಸರಿ ತೆಗೆಯಿರಿ. ಟೇಪು ಹಿಂಬದಿಯಲ್ಲಿ ಜಾರಿದರೂ, ಬಳ್ಳಿಯ ಮೇಲೆ ಹಾದರೂ ಅಳತೆ ಹೆಚ್ಚಾಗಿಯೇ ಬರುತ್ತದೆ. 100 ಸೆಂ.ಮೀ.ಗೆ 2 ಸೆಂ.ಮೀ. ಹೆಚ್ಚಾದರೆ ಗಾತ್ರದಲ್ಲಿ ಶೇ 4ರಷ್ಟು ತಪ್ಪು, ಯಾಕೆಂದರೆ ಲೆಕ್ಕಕ್ಕೆ ಬರುವುದು ಸುತ್ತಳತೆಯ ವರ್ಗ.

ಎತ್ತರ ನೋಡಲು ಮರದ ಎತ್ತರದಷ್ಟೇ ದೂರ ನಿಲ್ಲಿ. ಮಳೆಮರದಂಥ ಹರಡಿದ ಮರದಲ್ಲಿ ಹತ್ತಿರದ ಕೊಂಬೆಯ ಅಂಚೇ ತುದಿಯಂತೆ ಕಂಡು ಎತ್ತರ ಹೆಚ್ಚಾಗಿಬಿಡುತ್ತದೆ. ವಾಲಿದ ಮರವನ್ನು ವಾಲಿದ ದಿಕ್ಕಿಗೆ ಅಡ್ಡಲಾಗಿ ನಿಂತು ನೋಡಬೇಕು.

ಇನ್ನು ಆಕಾರ. ಸುತ್ತಳತೆ 157 ಸೆಂ.ಮೀ., ಎತ್ತರ 20 ಮೀಟರ್ ಅನ್ನಿ. ಕಾಂಡ ಕೊಳವೆಯಂತೆ ಒಂದೇ ದಪ್ಪ ಇದ್ದಿದ್ದರೆ 3.92 ಘನ ಮೀಟರ್. ಆಕಾರದ ಗುಣಾಂಕ, ಅಂದರೆ ಆ ಕೊಳವೆಯ ಗಾತ್ರದಲ್ಲಿ ನಿಜವಾದ ಕಾಂಡದ ಪಾಲು, 0.45 ಆದರೆ ಸಿಗುವುದು 1.77, 0.40 ಆದರೆ 1.57. ಒಂದೇ ಮರದಲ್ಲಿ ಸುಮಾರು 7 ಘನ ಅಡಿ ವ್ಯತ್ಯಾಸ! ಒತ್ತಾದ ನೆಡುತೋಪಿನಲ್ಲಿ ಬೆಳಕಿಗಾಗಿ ಮೇಲೇರುವ ಕಾಂಡ ಬಹುಮಟ್ಟಿಗೆ ಒಂದೇ ದಪ್ಪ ಇರುತ್ತದೆ. ಬದುವಿನಲ್ಲಿ ಒಂಟಿಯಾಗಿ ಗಾಳಿಗೆ ಒಡ್ಡಿಕೊಂಡ ಮರ ಕೆಳಗಿನ ಕೊಂಬೆಗಳನ್ನು ಉಳಿಸಿಕೊಂಡು ಬುಡವನ್ನೇ ದಪ್ಪ ಮಾಡಿಕೊಳ್ಳುತ್ತದೆ. ಹಾಗಾಗಿ ತೋಪಿನ ಮರಗಳಿಂದ ತಯಾರಾದ ಗಾತ್ರದ ಕೋಷ್ಟಕವನ್ನು ಬದುವಿನ ಮರಕ್ಕೆ ಹಾಕಿದರೆ ಗಾತ್ರ ಉಬ್ಬುತ್ತದೆ. ಸಾಧ್ಯವಾದರೆ ಏಣಿ ಹಾಕಿ 5 ಮೀಟರ್ ಎತ್ತರದಲ್ಲಿ ಇನ್ನೊಂದು ಸುತ್ತಳತೆ ತೆಗೆದುಕೊಳ್ಳಿ. ಆ ಒಂದು ಅಳತೆ ಬಹಳ ಹೇಳುತ್ತದೆ.

ಕಡಿದ ಮೇಲೂ ಸೂತ್ರ ಮುಖ್ಯ. 6 ಮೀಟರ್ ದಿಮ್ಮಿ. ಸುತ್ತಳತೆ ಬುಡದಲ್ಲಿ 150, ನಡುವೆ 120, ತುದಿಯಲ್ಲಿ 100 ಸೆಂ.ಮೀ. ಎರಡು ತುದಿಗಳ ಅಡ್ಡಕೊಯ್ತದ ವಿಸ್ತೀರ್ಣದ ಸರಾಸರಿ ಹಿಡಿದರೆ (ಸ್ಮಾಲಿಯನ್) 0.776 ಘನ ಮೀಟರ್, ನಡುವಿನದೊಂದೇ ಹಿಡಿದರೆ (ಹ್ಯೂಬರ್) 0.688, ನಡುವಿನದಕ್ಕೆ ನಾಲ್ಕು ಪಾಲು ತೂಕ ಕೊಟ್ಟು ಮೂರನ್ನೂ ಸೇರಿಸಿದರೆ (ನ್ಯೂಟನ್) 0.717. ಬುಡ ಊದಿಕೊಂಡ ದಿಮ್ಮಿಗೆ ಸ್ಮಾಲಿಯನ್ ಸೂತ್ರ ಬೇಡವೇ ಬೇಡ. ಮರದ ವ್ಯಾಪಾರದ ಕಾಲು ಸುತ್ತಳತೆ ಲೆಕ್ಕದಲ್ಲಿ, ಅಂದರೆ ನಡುಸುತ್ತಳತೆಯ ಕಾಲುಭಾಗದ ವರ್ಗವನ್ನು ಉದ್ದದಿಂದ ಗುಣಿಸಿದರೆ, ಇದೇ ದಿಮ್ಮಿ 0.54 ಮಾತ್ರ, ಹ್ಯೂಬರ್‌ನ ಶೇ 78.5. ಕೊಯ್ಯುವಾಗಿನ ನಷ್ಟವನ್ನು ಅದರಲ್ಲೇ ಕಳೆದಂತೆ. ಆದ್ದರಿಂದ ಸಿಎಫ್‌ಟಿ ದರ ಮಾತಾಡುವ ಮೊದಲು ಯಾವ ಲೆಕ್ಕದ ಸಿಎಫ್‌ಟಿ ಅಂತ ಕೇಳಿ.